ಹೋಳಿಗೆ ಡಬರಿ ಮತ್ತು ಒಕ್ಕೂಟ ಬಿಟ್ಟ ಚಳಿಗಾಲ

ದುಖಾನಿನಲ್ಲಿ ನನ್ನ ಗಂಡ ಒಕ್ಕೂಟ ಬಿಟ್ಟು ಹೊರಬಂದಾಗ ನನಗೆ ಎಂಟು ತಿಂಗಳು ತುಂಬಿತ್ತು. ಹೊರಬರಲು ಅದಕ್ಕಿಂತ ಒಳ್ಳೆಯ ಮುಹೂರ್ತವನ್ನು ಪಂಚಾಂಗ ನೋಡಿ ಹುಡುಕಿದ್ದರೂ ಅವರಿಗೆ ಸಿಗುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ, ತೊಂಬತ್ತೈದರ ಆ ಡಿಸೆಂಬರಿನಲ್ಲಿ ಮೊದಲು ಮುನಿಸಿಕೊಂಡದ್ದು ನನ್ನ ಗಂಡನಲ್ಲ, ಕತಾರ್ ದೇಶ. ಕೊಲ್ಲಿಯ ಆರು ದೇಶಗಳು ಸೇರಿ ಮಾಡಿಕೊಂಡ ಒಕ್ಕೂಟಕ್ಕೆ ಹೊಸ ಕಾರ್ಯದರ್ಶಿಯನ್ನು ಆರಿಸುವಾಗ ತಮ್ಮವರನ್ನು ಬಿಟ್ಟು ಪಕ್ಕದ ದೇಶದವರನ್ನು ಆರಿಸಿದರೆಂದು ಇಲ್ಲಿಯವರು ಕೊನೆಯ ಸಭೆಗೆ ಹೋಗದೆ ಕುಳಿತರು. ಇನ್ನು ಒಕ್ಕೂಟವನ್ನೇ ಬಿಡುತ್ತಾರಂತೆ ಎಂಬ ಸುದ್ದಿ ಹಬ್ಬಿತು. ದುಖಾನ್ ಎಂದರೆ ಕತಾರಿನ ಪಶ್ಚಿಮ ಕರಾವಳಿಯ ಎಣ್ಣೆ ಬಾವಿಗಳು, ಕಂಪನಿಯ ಕ್ವಾರ್ಟರ್ಸು, ಒಂದು ಸಾಲು ಅಂಗಡಿ, ಉಳಿದದ್ದೆಲ್ಲ ಮರಳು. ಮಾತಾಡಲು ಹೊಸ ವಿಷಯ ಸಿಗುವುದೇ ಅಪರೂಪವಾದ ಊರಿನಲ್ಲಿ ಗಂಡಸರಿಗೆ ಹಬ್ಬವಾಯಿತು.

ನಮ್ಮವರು ಬಾಗಲಕೋಟೆಯವರು, ಕಂಪನಿಯಲ್ಲಿ ಮೀಟರು, ಗೇಜುಗಳ ರಿಪೇರಿ ವಿಭಾಗದಲ್ಲಿದ್ದರು. ದಿನವಿಡೀ ಒತ್ತಡ ಅಳೆಯುವ ಕೆಲಸ ಮಾಡಿ ಮನೆಗೆ ಬಂದು ರೇಡಿಯೊ ಹಚ್ಚಿ ಜಗತ್ತಿನ ಒತ್ತಡ ಅಳೆಯುತ್ತಿದ್ದರು.

“ನೋಡು, ನಕಾಶೆದಾಗ ಹೆಬ್ಬೆರಳಿನಷ್ಟೂ ಇಲ್ಲ ಈ ದೇಶ. ಆದ್ರ ಎದ್ದು ಹೊಂಟ್ರು ನೋಡು, ಹಂಗಿರಬೇಕು” ಎಂದರು. “ಎಣ್ಣಿ ಇವರದು, ಗ್ಯಾಸ್ ಇವರದು. ಒಕ್ಕೂಟ ಬಿಟ್ರ ಏನಾಗ್ತೈತಿ? ಏನೂ ಆಗೂದಿಲ್ಲ.”

“ಉಳ್ಳಾಗಡ್ಡಿ ಎಲ್ಲಿಂದ ಬರ್ತಾವ್ರಿ?” ಎಂದು ಕೇಳಿದೆ. ತರಕಾರಿ, ಹಾಲು, ಮಜ್ಜಿಗೆ ಎಲ್ಲ ಸಲ್ವಾ ಗಡಿ ದಾಟಿ ಸೌದಿಯ ಲಾರಿಗಳಲ್ಲೇ ಬರುತ್ತಿದ್ದವು. ಈ ದೇಶದಿಂದ ನೆಲದ ಮೇಲೆ ಹೊರಗೆ ಹೋಗಲು ಅದೊಂದೇ ದಾರಿ.

“ದೇಶದ ಮಾನ ಮರ್ಯಾದಿ ಮಾತಾಡೂವಾಗ ನಿನಗ ಉಳ್ಳಾಗಡ್ಡಿ ಚಿಂತಿ” ಎಂದು ರೇಡಿಯೊದ ಸದ್ದು ಹೆಚ್ಚಿಸಿದರು.

ಉಳ್ಳಾಗಡ್ಡಿಯ ಚಿಂತೆ ಇದ್ದದ್ದು ನನಗೊಬ್ಬಳಿಗೇ ಅಲ್ಲ. ಅಂಗಡಿ ಸಾಲಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಬ್ಯಾರಿ ಸಾಹುಕಾರರು ಪುತ್ತೂರು ಕಡೆಯವರು. ಅವರು ಗಿರಾಕಿಗಳಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: “ಒಕ್ಕೂಟ ಬಿಟ್ರೆ ಸಲ್ವಾ ಗೇಟ್ ಬಂದ್. ಮತ್ತೆ ಟೊಮೆಟೊ ಮಾಫಿ, ಮೊಸರು ಮಾಫಿ, ನೀರುಳ್ಳಿ ಮಾಫಿ. ನೋಡ್ತಾ ಇರಿ.” ಮಾಫಿ ಎಂದರೆ ಇಲ್ಲಿಯ ಅರಬ್ಬಿಯಲ್ಲಿ ಇಲ್ಲ ಎಂದು. ಹೀಗೆ ಹೇಳಿ ಹೇಳಿ ತಮ್ಮ ಮಾತನ್ನು ತಾವೇ ನಂಬಿ, ದೋಹಾದ ಮಾರುಕಟ್ಟೆಯಿಂದ ಪಿಕಪ್ ತುಂಬ ಈರುಳ್ಳಿ ಚೀಲ ತಂದು ಗೋಡೌನಿಗೆ ಹಾಕತೊಡಗಿದರು. ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು, ಅಂಗಡಿಯ ಹಿಂದಿನ ಮನೆಯಲ್ಲಿ ಮಲಗುವ ಕೋಣೆಯನ್ನೂ ಈರುಳ್ಳಿಗೆ ಬಿಟ್ಟುಕೊಡಬೇಕಾಯಿತು.

ದುಖಾನಿನ ಕನ್ನಡದವರದೂ ಒಂದು ಕೂಟವಿತ್ತು. ಅರ್ಧ ಕರಾವಳಿಯವರು, ಅರ್ಧ ನಮ್ಮಂಥ ಉತ್ತರ ಕರ್ನಾಟಕದವರು. ಕಾರ್ಯದರ್ಶಿಗಿರಿ ಒಂದು ವರ್ಷ ಅವರಿಗೆ, ಒಂದು ವರ್ಷ ನಮಗೆ. ಅಧಿಕಾರವೆಂದರೆ ರಾಜ್ಯೋತ್ಸವಕ್ಕೆ ಕುರ್ಚಿ ತರಿಸುವುದು, ಕೂಟದ ವೀಡಿಯೊ ಕ್ಯಾಸೆಟ್ಟು ಯಾರ ಮನೆಯಲ್ಲಿ ಕೂತಿದೆ ಎಂದು ನೆನಪಿಟ್ಟು ಬೈಯುವುದು. ಆ ವರ್ಷದ ಸರದಿ ನಮ್ಮವರದು. ವಾರ್ಷಿಕ ಸಭೆಗೆ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಕಾಲು ಊದಿದ್ದರಿಂದ ನಾನು ಹೋಗಲಿಲ್ಲ. ಆದರೆ ಬೆಳಿಗ್ಗೆಯೆಲ್ಲ ಸ್ಟೂಲಿನ ಮೇಲೆ ಕೂತು ಹೋಳಿಗೆ ಮಾಡಿ ದೊಡ್ಡ ಸ್ಟೀಲಿನ ಡಬರಿಯಲ್ಲಿ ತುಂಬಿ ಕಳಿಸಿದೆ. ಅದು ಅವ್ವ ಮದುವೆಯಲ್ಲಿ ಕೊಟ್ಟದ್ದು, ಕಂಠದ ಮೇಲೆ ನನ್ನ ಹೆಸರು ಕೆತ್ತಿಸಿದ ಪಾತ್ರೆ.

ಅವರು ಊಟದ ಹೊತ್ತಿಗೂ ಮೊದಲೇ ಮನೆಗೆ ಬಂದರು, ಮುಖ ಕೆಂಪಾಗಿತ್ತು. ಕಳೆದ ವರ್ಷದ ಕಾರ್ಯದರ್ಶಿ ಚೆನ್ನಾಗಿ ಮಾಡಿದ್ದಾರೆ, ಅವರೇ ಇನ್ನೊಂದು ವರ್ಷ ಇರಲಿ ಎಂದು ಸಭೆ ಚಪ್ಪಾಳೆ ತಟ್ಟಿತಂತೆ. ಚಪ್ಪಾಳೆ ತಟ್ಟಿದವರಲ್ಲಿ ನಮ್ಮ ಕಡೆಯವರೂ ಇದ್ದರಂತೆ.

“ಎದ್ದು ನಿಂತು ಹೇಳಿಬಂದೆ. ಖಲಾಸ್, ಇನ್ನ ನಾವು ಈ ಕೂಟದಾಗ ಇಲ್ಲ. ಸಣ್ಣ ದೇಶಕ್ಕ ಇರೋ ಧೈರ್ಯ ನಮಗಿರಬಾರದೇನು?”

“ಡಬರಿ ಎಲ್ಲೈತ್ರಿ?” ಎಂದೆ.

ಅವರು ತಮ್ಮ ಎರಡೂ ಕೈ ನೋಡಿಕೊಂಡರು.

“ಊಟ ಆತೇನ್ರಿ?”

ಅದೂ ಆಗಿರಲಿಲ್ಲ. ಹೊರನಡೆಯುವವರು ಊಟ ಮಾಡಿ ಹೊರನಡೆಯಬೇಕೆಂಬ ಸಾಮಾನ್ಯ ತಿಳಿವಳಿಕೆಯೂ ಈ ಮನುಷ್ಯನಿಗಿರಲಿಲ್ಲ. ನಿನ್ನೆಯ ರೊಟ್ಟಿಗೆ ಚಟ್ನಿಪುಡಿ ಹಾಕಿ ಕೊಟ್ಟೆ. ಸ್ವತಂತ್ರ ದೇಶದ ಮೊದಲ ಊಟ ಹಾಗೆ ಮುಗಿಯಿತು.

ಒಕ್ಕೂಟ ಬಿಟ್ಟರೆ ಏನಾಗುತ್ತದೆ ಎಂದು ಪೇಪರಿನವರು ಬರೆಯುತ್ತಿದ್ದರು, ನಮ್ಮ ಮನೆಯಲ್ಲಿ ಅದು ಆಗುತ್ತಿತ್ತು. ಕೂಟದ ಗ್ರೈಂಡರು ಮನೆಯಿಂದ ಮನೆಗೆ ತಿರುಗುತ್ತ ಮಂಗಳವಾರ ನಮ್ಮಲ್ಲಿಗೆ ಬರುತ್ತಿತ್ತು. ಆ ಮಂಗಳವಾರ ಬರಲಿಲ್ಲ, ನೆನೆಸಿದ ಅಕ್ಕಿ ನೆನೆದುಕೊಂಡೇ ಇತ್ತು. ಗಂಡಸರ ತಲೆಗೂದಲು ಕತ್ತರಿಸುತ್ತಿದ್ದವರು ಗದಗಿನ ಎಲೆಕ್ಟ್ರಿಷಿಯನ್ ಒಬ್ಬರು. ಅವರೂ ಚಪ್ಪಾಳೆ ತಟ್ಟಿದ ದ್ರೋಹಿಯಾದ್ದರಿಂದ ಅವರಲ್ಲಿಗೆ ಹೋಗುವಂತಿರಲಿಲ್ಲ. ಅಂಗಡಿ ಸಾಲಿನ ಕ್ಷೌರಿಕ ರಜೆಯ ಮೇಲೆ ಊರಿಗೆ ಹೋಗಿದ್ದ. ನಮ್ಮವರು ಕನ್ನಡಿಯೆದುರು ನಿಂತು ತಮ್ಮ ಕೂದಲನ್ನು ತಾವೇ ಕತ್ತರಿಸಿಕೊಂಡರು. ಮುಂದಿನಿಂದ ಪರವಾಗಿರಲಿಲ್ಲ. ಹಿಂದಿನಿಂದ ನೋಡಿದವರು ಅವರಿಗೆ ಏನೋ ಆಪರೇಷನ್ ಆಗಿದೆಯೆಂದು ಮರುಗಿದರು.

ನಗು ಬರುತ್ತಿದ್ದರೂ ನನಗೆ ಒಳಗೊಳಗೇ ಭಯವಾಗಿತ್ತು. ಅದು ಚೊಚ್ಚಲ ಹೆರಿಗೆ. ಬಿ.ಪಿ. ಇದೆಯೆಂದು ಡಾಕ್ಟರು ವಿಮಾನ ಹತ್ತಬಾರದೆಂದಿದ್ದರು. ಇತ್ತ ಅವ್ವನನ್ನು ಕರೆಸೋಣವೆಂದರೆ ಅವಳ ಪಾಸ್‌ಪೋರ್ಟೇ ಆಗಿರಲಿಲ್ಲ. ತಿಂಗಳುಗಳ ಹಿಂದೆಯೇ ಕೂಟದ ಹೆಂಗಸರು ನನ್ನ ಬಾಣಂತನಕ್ಕೆ ಸರದಿ ಗೊತ್ತುಮಾಡಿದ್ದರು. ಆಸ್ಪತ್ರೆಗೆ ಜೊತೆಗೆ ಅಕ್ಕ, ಮೊದಲ ವಾರದ ಅಡುಗೆ ಇಂಥವರು, ಎಣ್ಣೆ ನೀರು ಇಂಥವರು ಎಂದು. ಊರಲ್ಲಿ ತವರು ಮಾಡುವ ಕೆಲಸ ಇಲ್ಲಿ ಕೂಟ ಮಾಡುತ್ತಿತ್ತು. ಗಂಡ ಎದ್ದು ನಿಂತು ಖಲಾಸ್ ಎಂದಾಗ ಅದೂ ಖಲಾಸ್ ಆಯಿತೇ ಎಂದು ನನಗೆ ಗೊತ್ತಿರಲಿಲ್ಲ. ಹೋಗಿ ಕೇಳಲು ಮುಖವಿರಲಿಲ್ಲ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅತ್ತೆ.

ಮೂರು ನಾಲ್ಕು ದಿನ ಕಳೆದ ಮೇಲೆ ಅಕ್ಕ ಬಾಗಿಲು ತಟ್ಟಿದರು, ಕೈಯಲ್ಲಿ ನನ್ನ ಡಬರಿಯಿತ್ತು. ಮುಚ್ಚಳವಿಲ್ಲದೆ ಅದರ ಮೇಲೆ ತಮ್ಮ ಮನೆಯ ಪಿಂಗಾಣಿ ತಟ್ಟೆ ಮುಚ್ಚಿ ತಂದಿದ್ದರು.

“ಮುಚ್ಚಳ ಯಾರ ಮನೆಗೆ ಹೋಯ್ತೋ ಗೊತ್ತಿಲ್ಲ ಮಾರಾಯ್ರೆ. ಹೋಳಿಗೆಯೆಲ್ಲ ಖಾಲಿ. ನಿಮ್ಮವರು ಸಿಟ್ಟಲ್ಲಿ ಹೋದ್ರು ಅಂತ ನಾವು ತಿನ್ನದೆ ಇರ್ಲಿಕ್ಕೆ ಆಗ್ತದಾ?”

ಡಬರಿಯ ತುಂಬ ಖರ್ಜೂರವಿತ್ತು. ನಮ್ಮ ಕಡೆಯಾಗಲಿ ಅವರ ಕಡೆಯಾಗಲಿ ಇನ್ನೊಬ್ಬರ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿಯಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ.

“ಬೇಯಿಸಿದ್ದು ಹಾಕಿದ್ರೆ ನೀವು ತಿಂತೀರೋ ಇಲ್ವೋ ಅಂತ ಖರ್ಜೂರ ಹಾಕಿದೆ. ಇದಕ್ಕೆ ನಮ್ಮ ಒಲೆ ತಾಗಿಲ್ಲ” ಎಂದರು ಅಕ್ಕ.

ನನಗೆ ಸಿಟ್ಟೇ ಬಂತು. “ಅಕ್ಕಾರ, ನಿಮ್ಮ ಒಲಿ ಮ್ಯಾಲಿಂದು ಒಲ್ಲೆ ಅಂತ ನಾ ಯಾವಾಗ ಅಂದೇನ್ರಿ? ಮಾಂಸ ಒಂದು ಬ್ಯಾಡ, ಅಷ್ಟ.”

ಅಕ್ಕ ನನ್ನ ಮುಖವನ್ನೇ ನೋಡಿದರು. ಆಮೇಲೆ ಖರ್ಜೂರವನ್ನು ತಮ್ಮ ತಟ್ಟೆಯ ಮೇಲೆ ಸುರಿದು, ಡಬರಿಯನ್ನು ಸೆರಗಿನಲ್ಲಿ ಒರೆಸಿ ಕಂಕುಳಲ್ಲಿ ಇಟ್ಟುಕೊಂಡರು. “ಹಾಗಾದ್ರೆ ಇದು ನಮ್ಮಲ್ಲೇ ಇರ್ಲಿ. ಹೆರಿಗೆ ಆದ್ಮೇಲೆ ನಿಮಗೆ ಕಳಿಸ್ಲಿಕ್ಕೆ ಮಾಂಸ ತಾಗದ ಪಾತ್ರೆಯೇ ಬೇಕಲ್ಲ” ಎಂದು ಹೇಳಿ ಹೊರಟೇಹೋದರು. ನಾನು ಬಾಗಿಲಲ್ಲೇ ನಿಂತಿದ್ದೆ, ಕಣ್ಣು ತುಂಬಿ ಅವರು ರಸ್ತೆ ದಾಟಿದ್ದು ಸರಿಯಾಗಿ ಕಾಣಲಿಲ್ಲ.

ಸಂಜೆ ಮನೆಗೆ ಬಂದ ನಮ್ಮ ಸಾರ್ವಭೌಮರು ತಟ್ಟೆ ನೋಡಿದರು. “ಯಾರದಿದು?”

“ಕೂಟದವರದು.”

“ಕೂಟದವರ ಕೂಡ ಕೊಡೂದು ತಗೊಳ್ಳೂದು ಇಲ್ಲ ಅಂತ ಹೇಳೇನಲ್ಲ? ಮುಂಜಾನೆ ತಿರುಗಿ ಕೊಟ್ಟುಬಿಡು.”

“ಖಾಲಿನ?”

ಅವರಿಗೆ ಹೂಂ ಎನ್ನಲು ಬರಲಿಲ್ಲ. ಎಷ್ಟೆಂದರೂ ಅವರೂ ಒಬ್ಬ ತಾಯಿಯ ಅಡುಗೆಮನೆಯಲ್ಲಿ ಬೆಳೆದವರು. “ಶೇಂಗಾ ಚಟ್ನಿ ಐತಲ್ಲ, ಅದನ್ನ ಹಾಕು. ಆದ್ರ ಇದ ಕೊನೀದು” ಎಂದರು.

ಕೊನೆಯದು ಹೇಗಾದೀತು? ಡಬರಿಯ ಮುಚ್ಚಳ ಎಲೆಕ್ಟ್ರಿಷಿಯನ್ನರ ಮನೆಗೆ ಹೋಗಿತ್ತು. ಬರಿಯ ಮುಚ್ಚಳವನ್ನು ಕೊಡುವುದು ಹೇಗೆಂದು ಆ ಮನೆಯಾಕೆ ತಲೆ ಕೆಡಿಸಿಕೊಂಡು, ಕೊನೆಗೆ ತನ್ನದೊಂದು ಬೋಗುಣಿಯಲ್ಲಿ ಮಾದಲಿ ತುಂಬಿ, ಅದಕ್ಕೆ ನನ್ನ ಮುಚ್ಚಳ ಮುಚ್ಚಿ ಕಳಿಸಿದಳು. ಈಗ ಅವಳ ಬೋಗುಣಿ ನಮ್ಮಲ್ಲಿ. ಅದನ್ನು ತುಂಬಿ ಕಳಿಸುವಷ್ಟರಲ್ಲಿ ಹಳೆಯದೊಂದು ಡಬ್ಬಿ ನೆನಪಾಗಿ ಇನ್ನೊಬ್ಬರು ಬಂದರು. ಹೊರನಡೆದ ಮೇಲೆ ನಮ್ಮ ಮನೆಗೆ ಬಂದು ಹೋಗುವವರು ಮೊದಲಿಗಿಂತ ಹೆಚ್ಚಾದರು. ನಮ್ಮವರು ಗಡಿ ಬಂದ್ ಮಾಡಬೇಕೆಂದು ದಿನವೂ ಘೋಷಿಸುತ್ತಿದ್ದರು, ದಿನವೂ ಯಾರದಾದರೊಂದು ಪಾತ್ರೆ ಗಡಿಯೊಳಗೆ ಉಳಿದಿರುತ್ತಿತ್ತು.

ಜನವರಿಯಲ್ಲಿ, ರಮದಾನಿಗೆ ಕೆಲವೇ ದಿನ ಇರುವಾಗ, ಮಧ್ಯಾಹ್ನ ನೋವು ಶುರುವಾಯಿತು. ನಮ್ಮವರು ದೂರದ ಬಾವಿಯ ಹತ್ತಿರ ಕೆಲಸದಲ್ಲಿದ್ದರು. ಆಫೀಸಿಗೆ ಫೋನು ಮಾಡಿದರೆ ಸುದ್ದಿ ಮುಟ್ಟಿಸುತ್ತೇವೆ ಎಂದರು, ಯಾವಾಗ ಮುಟ್ಟೀತೆಂದು ಹೇಳಲಿಲ್ಲ. ಅಂಗಡಿಗೆ ಫೋನು ಮಾಡಿದೆ. ಫೋನು ಇಟ್ಟ ಕೈ ತೆಗೆಯುವಷ್ಟರಲ್ಲಿ ಪಿಕಪ್ಪಿನ ಹಾರನ್ ಕೇಳಿಸಿತು. ಸಾಹುಕಾರರು ಅದೇ ತಾನೇ ದೋಹಾದಿಂದ ಬಂದಿದ್ದರು, ಹಿಂದೆ ಚೀಲಗಳು ಹಾಗೇ ಇದ್ದವು. ಇಳಿಸಲು ಸಮಯ ಎಲ್ಲಿದೆ? ಮುಂದಿನ ಸೀಟಿನಲ್ಲಿ ಅವರು, ಕಿಟಕಿಗೆ ಅಕ್ಕ, ನಡುವೆ ನಾನು ಮತ್ತು ನನ್ನ ಹೊಟ್ಟೆ. ಹಾಗೆ ಆ ಈರುಳ್ಳಿ ನನ್ನೊಂದಿಗೆ ಮತ್ತೆ ದೋಹಾಕ್ಕೆ ಹೊರಟಿತು.

ದಾರಿಯುದ್ದಕ್ಕೂ ಅಕ್ಕ ನನ್ನ ಸೊಂಟ ತಿಕ್ಕುತ್ತ ದುವಾ ಹೇಳುತ್ತಿದ್ದರು, ನಾನು ಅವ್ವಾ ಎನ್ನುತ್ತಿದ್ದೆ, ಸಾಹುಕಾರರು ಗಾಬರಿಯಲ್ಲಿ ರಾಜಕೀಯ ಮಾತಾಡುತ್ತಿದ್ದರು. “ಸಲ್ವಾ ಗೇಟ್ ಇನ್ನೂ ಬಂದ್ ಆಗ್ಲಿಲ್ಲ. ಆಗ್ತದೆ. ಬಿಡ್ಲಿಕ್ಕೆ ಸುಲಭ, ಮತ್ತೆ ಕಷ್ಟ.” ಅಕ್ಕ ಬ್ಯಾರಿ ಭಾಷೆಯಲ್ಲಿ ಏನೋ ಅಂದರು. ಆ ಭಾಷೆ ನನಗೆ ಬಾರದು, ಆದರೂ ಬಾಯಿ ಮುಚ್ಚಿ ಗಾಡಿ ಬಿಡಿ ಎಂದದ್ದೆಂದು ಚೆನ್ನಾಗಿ ತಿಳಿಯಿತು.

ಹೆರಿಗೆ ಆಸ್ಪತ್ರೆಯ ಮಲಯಾಳಿ ನರ್ಸು ನನ್ನ ಹತ್ತಿರ ಬಂದು ಮೂಗು ಅರಳಿಸಿ, ಹೊಟ್ಟೆನೋವಿಗೆಂದು ಈರುಳ್ಳಿ ಹಚ್ಚಿಕೊಂಡು ಬಂದಿದ್ದೀರಾ ಎಂದು ಹಿಂದಿಯಲ್ಲಿ ಕೇಳಿದಳು. ಸಂಜೆಯೊಳಗೆ ಮಗಳು ಹುಟ್ಟಿದಳು. ಅವಳನ್ನು ಮೊದಲು ಮಡಿಲಿಗೆ ತೆಗೆದುಕೊಂಡದ್ದು ಅಕ್ಕ. ನಮ್ಮವರು ಹೆಲ್ಮೆಟ್ಟಿನ ಸಮೇತ ಓಡಿ ಬಂದಾಗ ಹೊರಗೆ ಸಾಹುಕಾರರು ಒಂದು ಚೀಲದ ಮೇಲೆ ಕೂತು ನಿದ್ದೆ ಮಾಡುತ್ತಿದ್ದರಂತೆ. ಇವರು ಅವರನ್ನು ಎಬ್ಬಿಸಿ ಅಪ್ಪಿಕೊಂಡರಂತೆ. ಅಪ್ಪಿಕೊಂಡದ್ದನ್ನು ನನಗೆ ಹೇಳಿದ್ದು ಅಕ್ಕ, ನಮ್ಮವರು ಇವತ್ತಿಗೂ ಒಪ್ಪಿಲ್ಲ.

ಬಾಣಂತನ ಗೊತ್ತುಮಾಡಿದ ಸರದಿಯಂತೆಯೇ ನಡೆಯಿತು. ಯಾರೂ ಕೂಟದ ಮಾತೆತ್ತಲಿಲ್ಲ. ಮೆಂತ್ಯದ ಗಂಜಿ, ಬೆಳ್ಳುಳ್ಳಿ ಸಾರು, ಡಿಂಕದ ಉಂಡೆ ಮನೆಮನೆಯಿಂದ ಬಂದವು. ಮಧ್ಯಾಹ್ನದ್ದು ದಿನವೂ ಅಕ್ಕನದು, ನನ್ನ ಡಬರಿಯಲ್ಲಿ. ಅದಕ್ಕೆಂದೇ ಬೇರೆ ಸೌಟು ಕೂಡ ಇಟ್ಟಿದ್ದರು. ಮೊದಲ ಎಣ್ಣೆ ನೀರು ಹಾಕುವ ದಿನ ಅವರು ಕಾಲು ಚಾಚಿ ಕೂತು ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡ ರೀತಿ ನೋಡಿ ನನಗೆ ಅವ್ವ ನೆನಪಾದಳು. ರಮದಾನ್ ಬಂದರೂ ಅವರು ಬರುವುದು ತಪ್ಪಲಿಲ್ಲ. ಒಂದು ದಿನ ನನಗೆ ಬಡಿಸಿ ತಾವೂ ನೀರು ಕುಡಿದರು, ಒಂದು ಉಂಡೆಯನ್ನೂ ಬಾಯಿಗೆ ಹಾಕಿಕೊಂಡರು. ರೋಜಾ ಇಲ್ಲವೇ ಎಂದು ಕೇಳಬೇಕೆಂದುಕೊಂಡು, ಮುಟ್ಟಿನ ದಿನಗಳಿರಬೇಕು ಎಂದು ಸುಮ್ಮನಾದೆ.

ನಾನು ಮಂಚದ ಮೇಲೆ. ಬಂದ ಪಾತ್ರೆಗಳನ್ನು ತುಂಬಿ ಕಳಿಸುವ ಭಾರ ಸಾರ್ವಭೌಮರ ಮೇಲೆ ಬಿತ್ತು. ಅವರಿಗೆ ಬರುತ್ತಿದ್ದದ್ದು ಒಂದೇ ಅಡುಗೆ, ಉಪ್ಪಿಟ್ಟು. ಸಲ್ವಾ ಗಡಿ ಬಂದ್ ಆಗಲೇ ಇಲ್ಲ. ಲಾರಿಗಳು ಎಂದಿನಂತೆ ಬಂದವು, ಸಾಹುಕಾರರ ಈರುಳ್ಳಿ ಕೋಣೆಯಲ್ಲೇ ಮೊಳಕೆಯೊಡೆಯಿತು, ಅದನ್ನು ಅವರು ಕಂಡಕಂಡವರಿಗೆ ಹಂಚತೊಡಗಿದರು. ಆದ್ದರಿಂದ ನಮ್ಮವರ ಉಪ್ಪಿಟ್ಟಿನಲ್ಲಿ ರವೆಗಿಂತ ಈರುಳ್ಳಿ ಹೆಚ್ಚಿರುತ್ತಿತ್ತು. ಕೂಟದ ಎಲ್ಲ ಮನೆಗಳಿಗೂ, ತಟ್ಟೆಯಾದರೆ ತಟ್ಟೆಯಲ್ಲಿ, ತಂಬಿಗೆಯಾದರೆ ತಂಬಿಗೆಯಲ್ಲಿ, ಉಪ್ಪಿಟ್ಟು ಹೋಯಿತು. ಅಕ್ಕನ ಮನೆಯಲ್ಲಿ ಇಫ್ತಾರಿಗೂ ಅದೇ. ಕೊನೆಕೊನೆಗೆ ಎಲೆಕ್ಟ್ರಿಷಿಯನ್ ಬಾಗಿಲಿಗೆ ಬಂದು ಕೈಮುಗಿದರು. “ಸಾಹೇಬ್ರ, ನಮ್ಮ ಬೋಗುಣಿ ಖಾಲಿ ಕೊಟ್ರೂ ನಡೀತೈತ್ರಿ. ನಮಗೇನೂ ಬ್ಯಾಸರ ಇಲ್ರಿ.” ಆಮೇಲೆ ನಮ್ಮವರ ಹಿಂದಲೆ ಕಣ್ಣಿಗೆ ಬಿದ್ದು, ತಡೆಯಲಾರದೆ ಮನೆಗೆ ಹೋಗಿ ಕತ್ತರಿ ತಂದರು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನಮ್ಮವರು ತಲೆ ಕೊಟ್ಟರು. ಕೂಟಕ್ಕೆ ಮರಳಿದರೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈದ್ ಕಳೆದು ನನ್ನ ನಲವತ್ತು ದಿನ ಮುಗಿದಾಗ ನಾನೇ ಒಲೆಯ ಮುಂದೆ ನಿಂತೆ. ಗೋಧಿ ಹುಗ್ಗಿ ಮಾಡಿ, ತುಪ್ಪ ಸುರಿದು, ಅವ್ವನ ಡಬರಿಯ ತುಂಬ ಹಾಕಿ, ಅದರ ಸ್ವಂತ ಮುಚ್ಚಳ ಮುಚ್ಚಿ ಅಕ್ಕನ ಮನೆಗೆ ಹೋದೆ. ನಮ್ಮವರು ಮಗುವನ್ನು ಎತ್ತಿಕೊಂಡು ಹಿಂದೆ ಬಂದು ಅಂಗಡಿಯಲ್ಲೇ ಸಾಹುಕಾರರ ಜೊತೆ ನಿಂತರು. ಕತಾರಿನವರೂ ಅಷ್ಟು ಹೊತ್ತಿಗೆ ಒಕ್ಕೂಟದೊಂದಿಗೆ ರಾಜಿಯಾಗುವ ಸೂಚನೆಯಿದೆಯೆಂದು ರೇಡಿಯೊ ಹೇಳುತ್ತಿತ್ತು. “ನಾ ಮೊದಲ ಹೇಳಿದ್ದೆ” ಎಂದು ನಮ್ಮವರೂ, “ನಾನು ಹೇಳ್ಲಿಲ್ವಾ” ಎಂದು ಸಾಹುಕಾರರೂ ಏಕಕಾಲಕ್ಕೆ ಅನ್ನುವುದು ಒಳಗೆ ಕೇಳಿಸಿತು.

ಅಕ್ಕ ಹುಗ್ಗಿಯನ್ನು ತಮ್ಮ ಪಾತ್ರೆಗೆ ಬಗ್ಗಿಸಿಕೊಂಡರು. ಡಬರಿಯನ್ನು ತೊಳೆದರು. ಬಟ್ಟೆಯಲ್ಲಿ ಚೆನ್ನಾಗಿ ಒರೆಸಿದರು. ಆಮೇಲೆ ಅದನ್ನು ಹಾಗೆಯೇ ನನ್ನ ಕೈಗೆ ಕೊಟ್ಟರು.

ಒಳಗೆ ನೋಡಿದೆ. ಒಂದು ಕಾಳು ಸಕ್ಕರೆಯೂ ಇರಲಿಲ್ಲ. ಅಷ್ಟು ದಿನ ಮಾಡಿದ್ದೆಲ್ಲ ಮುಗಿಯಿತು, ಇನ್ನು ನೀವು ನಿಮ್ಮ ದಾರಿ ನೋಡಿಕೊಳ್ಳಿ ಎಂದು ಹೀಗೆ ಹೇಳುತ್ತಿದ್ದಾರೆಯೇ? ಕೂಟ ಬಿಟ್ಟದ್ದಕ್ಕೆ ಕೊನೆಗೂ ಇವರ ಉತ್ತರ ಇದೇ ಏನು?

“ಅಕ್ಕಾರ, ಖಾಲಿ ಐತಲ್ರಿ” ಎಂದೆ.

“ಹೌದು. ಖಾಲಿಯೇ ಕೊಡುದು.” ಅವರು ನಾಚಿ ನಕ್ಕರು. ನಾಲ್ಕು ಮಕ್ಕಳ ತಾಯಿ, ಹಿರಿಯ ಮಗ ಕಾಲೇಜಿಗೆ ಹೋಗುತ್ತಿದ್ದ, ಅವರು ಹಾಗೆ ನಾಚಿದ್ದನ್ನು ನಾನು ಕಂಡಿರಲಿಲ್ಲ. ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡರು. “ಇನ್ನು ತುಂಬಿಸುದು ನಿಮ್ಮ ಕೆಲಸ. ನನಗೆ ಆಗಸ್ಟಿಗೆ ಬೇಕು.”

ರಮದಾನಿನಲ್ಲಿ ಅವರು ಕುಡಿದ ನೀರು ಆಗ ನೆನಪಾಯಿತು. ಅಷ್ಟು ದಿನ ವಾಂತಿ, ಸುಸ್ತು ಎಲ್ಲವನ್ನೂ ನುಂಗಿಕೊಂಡು ನನಗೆ ನೀರು ಹಾಕಿದ್ದರು, ನನ್ನ ಮಗುವನ್ನು ಮೊಣಕಾಲ ಮೇಲೆ ಹಾಕಿಕೊಂಡು ತಿಕ್ಕಿದ್ದರು, ಸುಡುಸುಡು ಡಬರಿ ಹೊತ್ತು ರಸ್ತೆ ದಾಟಿದ್ದರು. ಒಂದು ಮಾತೂ ಹೇಳಿರಲಿಲ್ಲ. ನಾನು ಡಬರಿಯನ್ನು ಕೆಳಗಿಟ್ಟು ಅವರ ಎರಡೂ ಕೈ ಹಿಡಿದುಕೊಂಡೆ.

ಮನೆಗೆ ಬಂದು ನಮ್ಮವರಿಗೆ ಎಲ್ಲ ಹೇಳಿದೆ. ಹೇಳಿ, ಖಾಲಿ ಡಬರಿಯನ್ನು ಅವರ ಮುಂದಿನ ಟೇಬಲ್ಲಿನ ಮೇಲಿಟ್ಟೆ. “ನಾವು ಒಕ್ಕೂಟ ಬಿಟ್ಟೇವಿ ಅಂದಿದ್ರಿ. ಈಗೇನು ಮಾಡೂಣ್ರಿ?”

ಅವರು ರೇಡಿಯೊ ಆರಿಸಿದರು. ಡಬರಿಯನ್ನು ಎತ್ತಿ, ಗೇಜು ನೋಡುವಾಗ ನೋಡುವಂತೆ ಕಣ್ಣು ಕಿರಿದು ಮಾಡಿ ಒಳಗೆ ನೋಡಿದರು, ತಿರುಗಿಸಿ ತಳ ನೋಡಿದರು.

“ಅವರ ಮನ್ಯಾಗ ನಾಲ್ಕು ಮಕ್ಕಳು, ಸಾವಕಾರ್ರು ಬ್ಯಾರೆ” ಎಂದರು. “ಇದು ಸಣ್ಣದಾತು.”